ಕಪಾಟಿನೊಳಗೂ ಮಳೆಗಾಲ

ಜುಲೈ ತಿಂಗಳಲ್ಲಿ ಕೊಟ್ಟಿಗೆಹಾರದ ಸುತ್ತಿನ ಯಾವುದಾದರೂ ಮನೆಗೆ ಹೋದವರು ಬೆಂಕಿಪೊಟ್ಟಣ ಎಲ್ಲಿದೆ ಎಂದು ಗಮನಿಸಿದರೆ ಸಾಕು, ಆ ಮನೆಯ ಅಡುಗೆಮನೆಯ ಅರ್ಧ ಕಥೆ ತಿಳಿಯುತ್ತದೆ. ಫ್ರಿಜ್ಜಿನ ತಲೆಯ ಮೇಲೆ ಇರಬಹುದು. ಇಲ್ಲವೇ ಬಚ್ಚಲೊಲೆಯ ಪಕ್ಕದ ಗೂಡಿನಲ್ಲಿ. ಅದೂ ಅಲ್ಲದಿದ್ದರೆ ಪ್ಲಾಸ್ಟಿಕ್ ಕೊಟ್ಟೆಯೊಳಗೆ ಸುತ್ತಿಕೊಂಡು ಅಕ್ಕಿಡಬ್ಬಿಯ ಹೊಟ್ಟೆಯಲ್ಲಿ. ಒಂದು ಕಡೆ ಮಾತ್ರ ಇರುವುದಿಲ್ಲ: ಸಾಲ ಮಾಡಿ ಮಾಡಿಸಿದ, ಮುಖ ಕಾಣುವಷ್ಟು ನುಣುಪಾದ ಬಾಗಿಲಿನ ಹೊಸ ಕಪಾಟಿನಲ್ಲಿ. ಅಲ್ಲಿಟ್ಟರೆ ಮೂರೇ ದಿನಕ್ಕೆ ಕಡ್ಡಿಯ ಮದ್ದು ಕಿತ್ತು ಬರುತ್ತದೆ. ಉಪ್ಪು ನೀರೊಡೆಯುತ್ತದೆ, ಹಪ್ಪಳ ಬಟ್ಟೆಯಂತೆ ಮಡಚಿಕೊಳ್ಳುತ್ತದೆ, ಗೋಧಿಹಿಟ್ಟಿಗೆ ಮುಗ್ಗಲು ವಾಸನೆ ಬರುತ್ತದೆ.

ಚಾರ್ಮಾಡಿ ಘಾಟಿಯ ನೆತ್ತಿಯ ಮೇಲೆ ಕೂತಿರುವ ಊರು ಇದು. ಮಂಗಳೂರು–ತುಮಕೂರು ರಾಷ್ಟ್ರೀಯ ಹೆದ್ದಾರಿ 73 ಉಜಿರೆ ಕಡೆಯಿಂದ ತಿರುವು ತಿರುವಾಗಿ ಹತ್ತಿ ಬಂದು ಉಸಿರು ಬಿಡುವುದು ಇಲ್ಲೇ. ಒಂದು ದಾರಿ ಮೂಡಿಗೆರೆಗೆ, ಇನ್ನೊಂದು ಕಳಸ–ಹೊರನಾಡಿಗೆ. ಅರಬ್ಬಿ ಸಮುದ್ರದಿಂದ ಬರುವ ಮೋಡಗಳೂ ಅದೇ ಘಟ್ಟ ಹತ್ತುತ್ತವೆ. ಹಾಗಾಗಿ ಮೂಡಿಗೆರೆ ತಾಲ್ಲೂಕಿನಲ್ಲಿ ಹೆಚ್ಚು ಮಳೆ ಕಾಣುವ ಊರುಗಳಲ್ಲಿ ಕೊಟ್ಟಿಗೆಹಾರವೂ ಒಂದು. ಇಲ್ಲಿ ಮಳೆ ಹೊರಗೆ ಮಾತ್ರ ಸುರಿಯುವುದಿಲ್ಲ, ಮಂಜಿನ ವೇಷದಲ್ಲಿ ಕಿಟಕಿಯಿಂದ ಒಳಕ್ಕೂ ಬರುತ್ತದೆ. ಗೋಡೆ ಬೆವರುತ್ತದೆ, ನೆಲ ಬೆವರುತ್ತದೆ, ಕ್ಯಾಮೆರಾ ಲೆನ್ಸಿಗೂ ಬೂಷ್ಟು ಹಿಡಿಯುತ್ತದೆ.

ಇಂಥ ಊರಿಗೆ ಈಗ ಬೆಂಗಳೂರಿನ ಅಪಾರ್ಟ್‌ಮೆಂಟಿಗೆಂದು ಹುಟ್ಟಿದ ಮಾಡ್ಯುಲರ್ ಕಿಚನ್ ಬಂದಿದೆ. ಬೆಂಗಳೂರಿನಲ್ಲಿ ಅಡುಗೆಮನೆಯ ಸಮಸ್ಯೆ ಎಂದರೆ ಜಾಗ. ಪಾತ್ರೆ ಹೆಚ್ಚು, ಗೋಡೆ ಕಡಿಮೆ. ಆದ್ದರಿಂದ ಎಲ್ಲವನ್ನೂ ಪೆಟ್ಟಿಗೆಯೊಳಗೆ ತುಂಬಿ ಬಾಗಿಲು ಹಾಕುವುದು ಅಲ್ಲಿನ ಉತ್ತರ. ಮಲೆನಾಡಿನಲ್ಲಿ ಅಡುಗೆಮನೆ ಸಣ್ಣದಾದರೂ ಮೊದಲ ಪ್ರಶ್ನೆ ಜಾಗದ್ದಲ್ಲ, ಗಾಳಿಯದು. ಇದನ್ನು ಹಳಬರು ಯಾವ ವಿನ್ಯಾಸಕಾರರನ್ನೂ ಕೇಳದೆ ಬಗೆಹರಿಸಿಕೊಂಡಿದ್ದರು. ಹೇಗೆಂದು ನೋಡಿದರೆ ಹೊಸ ಕಪಾಟು ಎಲ್ಲಿ ಎಡವಿತು ಎಂಬುದೂ ತಿಳಿಯುತ್ತದೆ.

ಹಳೆಯ ಮಲೆನಾಡಿನ ಅಡುಗೆಮನೆಯೇ ಒಂದು ದೊಡ್ಡ ಒಣಗೂಡು. ನಡುವೆ ಬೆಳಗಿನಿಂದ ರಾತ್ರಿವರೆಗೂ ಆರದ ಸೌದೆ ಒಲೆ. ಅದರ ಮೇಲೆ ಬಿದಿರು ಗಳ ಹಾಸಿದ ಅಟ್ಟ. ಮಳೆಗಾಲದ ಹಸಿ ಸೌದೆ ಮೊದಲು ಅಟ್ಟ ಹತ್ತಿ ಒಣಗಿ, ಆಮೇಲೆ ಒಲೆಗೆ ಇಳಿಯುತ್ತಿತ್ತು. ವಾಟೆಹುಳಿ, ಹುಣಸೆಹಣ್ಣು, ಒಣಮೀನು, ಬಾಳಕದ ಮೆಣಸು, ಬಿತ್ತನೆಗೆಂದು ಎತ್ತಿಟ್ಟ ಸೌತೆಬೀಜ, ಎಲ್ಲಕ್ಕೂ ಹೊಗೆಯೇ ಕಾವಲು. ಹೊಗೆ ತಾಗಿದ್ದಕ್ಕೆ ಹುಳ ಬೀಳುವುದಿಲ್ಲ, ಬಿಸಿ ತಾಗಿದ್ದಕ್ಕೆ ಬೂಷ್ಟು ಹತ್ತುವುದಿಲ್ಲ. ಹೆಂಚಿನ ಮಾಡಿನ ಸಂದುಗಳಿಂದ ತೇವದ ಗಾಳಿಯೂ ಹೊಗೆಯ ಜೊತೆ ಹೊರಬೀಳುತ್ತಿತ್ತು. ತೊಲೆಗಳು ಮಸಿ ಹಿಡಿದು ಕರ್‍ರಗೆ ಹೊಳೆಯುತ್ತಿದ್ದವು. ಆ ಮಸಿಯೇ ಒರಲೆಗೂ ಕುಟ್ಟೆಹುಳಕ್ಕೂ ಔಷಧಿ.

ಒಲೆಯಿಂದ ದೂರ ಸರಿದಂತೆ ಸಾಮಾನು ಇಡುವ ಬಗೆಯೂ ಬದಲಾಗುತ್ತಿತ್ತು. ಗೋಡೆಯ ದಪ್ಪದಲ್ಲೇ ಕೊರೆದ ಗೂಡಿನಲ್ಲಿ ದಿನಬಳಕೆಯ ಸಣ್ಣಪುಟ್ಟ ಡಬ್ಬಿ. ಕೈಗೆಟಕದ ಎತ್ತರದ ನಾಗಂದಿಗೆಯ ಮೇಲೆ ವರ್ಷಕ್ಕೊಮ್ಮೆ ಇಳಿಸುವ ಕೊಪ್ಪರಿಗೆ, ತಪ್ಪಲೆ. ಹಾಲು, ಬೆಣ್ಣೆಗೆ ಮಾಡಿನಿಂದ ಇಳಿಬಿಟ್ಟ ನೆಲವು. ಕೆಲವರ ಬಾಯಲ್ಲಿ ಅದು ಸಿಕ್ಕ. ಕೃಷ್ಣನ ಕಥೆ ಕೇಳಿ ಬೆಳೆದವರಿಗೆ ನೆಲವು ಬೆಣ್ಣೆಕಳ್ಳರನ್ನು ತಡೆಯುವ ಉಪಾಯವಾಗಿ ಮಾತ್ರ ಕಾಣುತ್ತದೆ. ಆದರೆ ನಾಲ್ಕೂ ಕಡೆಯಿಂದ ಗಾಳಿ ಆಡುವ, ಇಲಿ–ಇರುವೆಗೆ ದಾರಿಯಿಲ್ಲದ, ನೆಲದ ಒಂದಂಗುಲವನ್ನೂ ತಿನ್ನದ ಶೇಖರಣೆ ಅದು. ಉಪ್ಪಿಗೆ ಮರದ ಮರಿಗೆ. ಲೋಹವನ್ನು ಉಪ್ಪು ತಿನ್ನುತ್ತದೆ, ಮರವನ್ನು ತಿನ್ನುವುದಿಲ್ಲ. ಮಿಡಿ ಉಪ್ಪಿನಕಾಯಿಗೆ ಬಾಯಿಗೆ ಬಟ್ಟೆ ಬಿಗಿದ ಭರಣಿ, ಅದು ಮಾತ್ರ ತಂಪು ಮೂಲೆಯಲ್ಲಿ. ಪ್ರತಿ ವಸ್ತುವಿಗೂ ಅದರ ಗುಣ ನೋಡಿ ಜಾಗ. ಇವತ್ತಿನ ಕಪಾಟು ಡಬ್ಬಿಯ ಅಳತೆ ನೋಡುತ್ತದೆಯೇ ಹೊರತು ಡಬ್ಬಿಯೊಳಗೆ ಏನಿದೆ ಎಂದು ಕೇಳುವುದಿಲ್ಲ.

ಹೊಗೆಯನ್ನು ಹೊಗಳುವುದು ಸುಲಭ, ಅದರಲ್ಲಿ ಕೂತು ಅಡುಗೆ ಮಾಡಿದವರನ್ನು ಕೇಳಿದರೆ ಬೇರೆಯೇ ಮಾತು ಬರುತ್ತದೆ. ಕಣ್ಣು ಉರಿ, ಕೆಮ್ಮು, ಮಸಿ ಹಿಡಿದ ಪಾತ್ರೆ ತಿಕ್ಕುವ ಕೆಲಸ ಎಲ್ಲ ಹೆಂಗಸರ ಪಾಲು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರ ಮುಂದಾಳತ್ವದಲ್ಲಿ ಶುರುವಾದ ‘ಅಸ್ತ್ರ’ ಕೇಂದ್ರ ರೂಪಿಸಿದ ಹೊಗೆರಹಿತ ಒಲೆ ಆ ಕಷ್ಟವನ್ನು ಕೊಳವೆಯ ಮೂಲಕ ಮಾಡಿನಾಚೆ ಕಳಿಸಿತು. ಆಮೇಲೆ ಗ್ಯಾಸ್ ಬಂತು. 2016ರ ಉಜ್ವಲ ಯೋಜನೆಯ ಬಳಿಕ ಬಡವರ ಮನೆಗಳಿಗೂ ಬಂತು. ಹೊಗೆ ಹೋದದ್ದು ಒಳ್ಳೆಯದೇ ಆಯಿತು. ಆದರೆ ಹೊಗೆಯ ಜೊತೆ ದಿನವಿಡೀ ಉಳಿಯುತ್ತಿದ್ದ ಬಿಸಿಯೂ ಹೋಯಿತು. ಗ್ಯಾಸ್ ಉರಿಯುವುದು ಹೊತ್ತಿಗೆ ಅರ್ಧ ಮುಕ್ಕಾಲು ಗಂಟೆ. ಅದು ಉರಿಯುವಾಗ ಗಾಳಿಗೆ ನೀರಾವಿಯನ್ನೂ ಸೇರಿಸುತ್ತದೆ. ಹಂಚಿನಿಂದೇಳುವ ನೀರುದೋಸೆಯ ಹಬೆ ಅದರ ಮೇಲೆ. ಮಾಡು ಹೋಗಿ ಆರ್‌ಸಿಸಿ ಬಂತು, ಹಬೆ ಹೋಗಲು ಇದ್ದ ಹೆಂಚಿನ ಸಂದೂ ಮುಚ್ಚಿತು.

ಅದೇ ಹೊತ್ತಿಗೆ ಅಡುಗೆಮನೆ ಕುಗ್ಗುತ್ತಲೂ ಬಂತು. ಪ್ರಧಾನಮಂತ್ರಿ ಗ್ರಾಮೀಣ ಆವಾಸ್ ಯೋಜನೆಯ ಮನೆಗೆ ಕನಿಷ್ಠ ಅಳತೆ 25 ಚದರ ಮೀಟರ್, ಅಂದರೆ ಸುಮಾರು 270 ಚದರ ಅಡಿ. ಅಡುಗೆಯ ಜಾಗವೂ ಅದರೊಳಗೇ ಸೇರಿದೆ. ಊಟದ ಕೋಣೆ ಬೇರೆ ಇರುವ ಮನೆಯಲ್ಲಿ ಅಡುಗೆಮನೆ 5 ಚದರ ಮೀಟರಿಗಿಂತ ಕಡಿಮೆ ಇರಬಾರದು, ಅಗಲ 1.8 ಮೀಟರಿಗಿಂತ ಕೆಳಗಿಳಿಯಬಾರದು ಎನ್ನುತ್ತದೆ ರಾಷ್ಟ್ರೀಯ ಕಟ್ಟಡ ಸಂಹಿತೆ. ಅಡಿಯ ಲೆಕ್ಕದಲ್ಲಿ ಒಂಬತ್ತಕ್ಕೆ ಆರು. ಕಾಫಿ ತೋಟದ ಲೈನ್ ಮನೆಗಳ ಲೆಕ್ಕ ಇನ್ನೂ ಬೇರೆ. ಕಾರ್ಮಿಕರಿಗೆ ವಸತಿ ಕೊಡುವ ಹೊಣೆಯನ್ನು 1951ರ ತೋಟ ಕಾರ್ಮಿಕರ ಕಾಯ್ದೆ ಮಾಲೀಕರ ಮೇಲೆ ಹೊರಿಸಿತು. ಸಾಲಾಗಿ ಕಟ್ಟಿದ ಆ ಮನೆಗಳಲ್ಲಿ ಅಡುಗೆಮನೆ ಎಂದರೆ ಎಷ್ಟೋ ಕಡೆ ಹಿಂಬದಿಯ ಒಂದು ಪಟ್ಟಿ ಜಾಗ.

ಸಣ್ಣ ಅಡುಗೆಮನೆಯ ಬಗ್ಗೆ ಜಗತ್ತು ಗಂಭೀರವಾಗಿ ಯೋಚಿಸಿದ್ದು ಯಾವಾಗ ಎಂದು ಹುಡುಕಿದರೆ 1926ರ ಜರ್ಮನಿಗೆ ಹೋಗಬೇಕಾಗುತ್ತದೆ. ಮೊದಲ ಮಹಾಯುದ್ಧದ ನಂತರ ಫ್ರಾಂಕ್‌ಫರ್ಟ್ ನಗರ ದುಡಿಯುವ ಜನರಿಗೆ ಸಾವಿರಾರು ಮನೆ ಕಟ್ಟಿಸುತ್ತಿತ್ತು. ಅವುಗಳ ಅಡುಗೆಮನೆ ಬಿಡಿಸುವ ಕೆಲಸ ಬಂದದ್ದು ಮಾರ್ಗರೆಟೆ ಶ್ಯುಟ್ಟೆ–ಲಿಹೋಟ್ಸ್ಕಿ ಎಂಬ ಆಸ್ಟ್ರಿಯಾದ ವಾಸ್ತುಶಿಲ್ಪಿಗೆ. ರೈಲಿನ ಊಟದ ಬೋಗಿಯ ಇಕ್ಕಟ್ಟಿನಲ್ಲಿ ನೂರಾರು ಜನರಿಗೆ ಬೇಯಿಸುವುದನ್ನು ಮಾದರಿಯಾಗಿಟ್ಟುಕೊಂಡು, ಹೆಜ್ಜೆ ಎಣಿಸಿ, ಕೈ ಚಾಚುವ ದೂರ ಅಳೆದು ಆಕೆ ಮಾಡಿದ ಅಡುಗೆಮನೆ ಸುಮಾರು 6.5 ಚದರ ಮೀಟರಿನದು. ಅಂಥವು ಹತ್ತು ಸಾವಿರದಷ್ಟು ತಯಾರಾದವು. ಇಂದಿನ ಮಾಡ್ಯುಲರ್ ಕಿಚನ್ನಿನ ಮುತ್ತಜ್ಜಿ ಅದು. ಕುತೂಹಲದ ಸಂಗತಿ ಏನೆಂದರೆ, ಅಕ್ಕಿ–ಸಕ್ಕರೆಗೆ ಆಕೆ ಹಿಡಿಯಿರುವ ಅಲ್ಯೂಮಿನಿಯಂ ಸೆಳೆಪೆಟ್ಟಿಗೆಗಳನ್ನು ಇಟ್ಟರೂ, ಹಿಟ್ಟಿಗೆ ಮಾತ್ರ ಓಕ್ ಮರದ ಪೆಟ್ಟಿಗೆ ಮಾಡಿಸಿದರು. ಓಕ್ ಮರದ ಒಗರಿಗೆ ಹಿಟ್ಟಿನ ಹುಳ ಹತ್ತಿರ ಬರುವುದಿಲ್ಲ ಎಂಬುದು ಕಾರಣ. ನಮ್ಮ ಉಪ್ಪಿನ ಮರಿಗೆಯ ತರ್ಕವೂ ಇದೇ. ಮುತ್ತಜ್ಜಿಗಿದ್ದ ಈ ವಿವೇಕ ಮರಿಮೊಮ್ಮಗಳಿಗೆ ಬರುವಷ್ಟರಲ್ಲಿ ಎಲ್ಲೋ ಕಳೆದುಹೋಗಿ, ಎಲ್ಲಕ್ಕೂ ಒಂದೇ ಹಲಗೆ, ಒಂದೇ ಲ್ಯಾಮಿನೇಟು ಉಳಿಯಿತು.

ಆ ಹಲಗೆಯ ವಿಷಯವೇ ಇಲ್ಲಿ ಮುಖ್ಯ. ಮರ ಸತ್ತ ಮೇಲೂ ನೀರು ಕುಡಿಯುತ್ತದೆ. ಗಾಳಿಯ ತೇವಾಂಶ ಶೇ 65 ಇದ್ದರೆ ಮರ ತನ್ನ ಒಣತೂಕದ ಶೇ 12ರಷ್ಟು ನೀರು ಹಿಡಿದು ಕೂರುತ್ತದೆ. ತೇವಾಂಶ ಶೇ 90ಕ್ಕೆ ಏರಿ ವಾರಗಟ್ಟಲೆ ಅಲ್ಲೇ ನಿಂತರೆ ಸುಮಾರು ಶೇ 20ಕ್ಕೆ ಹೋಗುತ್ತದೆ. ಮಲೆನಾಡಿನ ಮಳೆಗಾಲ ಎಂದರೆ ಇದೇ. ಗಟ್ಟಿಮರವಾದರೆ ಹಿಗ್ಗಿ, ಬೇಸಿಗೆಗೆ ಮತ್ತೆ ಕುಗ್ಗುತ್ತದೆ. ಕಡಿಮೆ ಬೆಲೆಯ ಕಪಾಟುಗಳಿಗೆ ಹಾಕುವ ಪಾರ್ಟಿಕಲ್ ಬೋರ್ಡ್, ಎಂಡಿಎಫ್ ಹಾಗಲ್ಲ. ಮರದ ಚೂರನ್ನೋ ನಾರನ್ನೋ ಅಂಟು ಹಾಕಿ ಒತ್ತಿದ ಈ ಹಲಗೆಗೆ ನೀರು ಹೊಕ್ಕರೆ ಚಹಾಕ್ಕೆ ಅದ್ದಿದ ಬಿಸ್ಕತ್ತಿನಂತೆ ಉಬ್ಬುತ್ತದೆ. ಒಣಗಿದರೂ ಮೊದಲಿನ ದಪ್ಪಕ್ಕೆ ಮರಳುವುದಿಲ್ಲ. ಸ್ಕ್ರೂ ಹಿಡಿತ ಬಿಟ್ಟು ಬಾಗಿಲು ಜೋತುಬೀಳುತ್ತದೆ.

ಪ್ಲೈವುಡ್ಡಿನಲ್ಲೂ ಎರಡು ಜಾತಿ ಗೊತ್ತಿರಬೇಕು. ಐಎಸ್ 303 ಮುದ್ರೆಯ ಸಾಮಾನ್ಯ ಪ್ಲೈವುಡ್ಡಿನಲ್ಲಿ ‘ಎಂಆರ್’ ಎಂದಿದ್ದರೆ ಅದು ಸ್ವಲ್ಪ ತೇವ ತಡೆಯುತ್ತದೆ ಎಂದಷ್ಟೇ ಅರ್ಥ. ಅಂಗಡಿಯಲ್ಲಿ ಇದನ್ನೇ ವಾಟರ್‌ಪ್ರೂಫ್ ಎಂದು ಹೇಳಿ ದಾಟಿಸುವವರಿದ್ದಾರೆ. ಐಎಸ್ 710 ಮುದ್ರೆಯ ಮರೈನ್ ಪ್ಲೈವುಡ್ ಬೇರೆ. ಅದರ ಅಂಟು ಮೂರು ದಿನ ಮೂರು ರಾತ್ರಿ ಕುದಿಯುವ ನೀರಿನಲ್ಲಿಟ್ಟರೂ ಬಿಡಬಾರದೆಂಬುದು ಪರೀಕ್ಷೆ. ಸಿಂಕಿನ ಕೆಳಗಿನ ಖಾನೆಗೆ ಇದಕ್ಕಿಂತ ಕಡಿಮೆಯದನ್ನು ಹಾಕಿಸುವುದು ದುಡ್ಡು ಉಳಿಸಿದಂತಲ್ಲ. ಇಷ್ಟಾದರೂ ಮರೈನ್ ಪ್ಲೈವುಡ್ ಕೊಳೆಯದೆ ಉಳಿಯುತ್ತದೆಯೇ ಹೊರತು ಕಪಾಟಿನೊಳಗಿನ ಗಾಳಿಯನ್ನು ಒಣಗಿಸುವುದಿಲ್ಲ. ಹಲಗೆಗೆ ಏನೂ ಆಗದೆ ಒಳಗಿನ ಹಿಟ್ಟಿಗೆ ಬೂಷ್ಟು ಬರುವುದು ಹೀಗೆ. ಹಲಗೆಯ ಎದುರುಮುಖಕ್ಕೆ ಲ್ಯಾಮಿನೇಟು ಅಂಟಿಸಿ ಹಿಂಬದಿಯನ್ನು, ಕಾಣದ ಅಂಚುಗಳನ್ನು ಬೋಳಾಗಿ ಬಿಡುವ ರೂಢಿಯೂ ಇದೆ. ತೇವಕ್ಕೆ ಆ ಅಂಚೇ ಬಾಗಿಲು. ಒಂದು ಮಗ್ಗುಲು ನೀರು ಕುಡಿದು ಇನ್ನೊಂದು ಕುಡಿಯದಿದ್ದರೆ ಹಲಗೆ ಬಿಲ್ಲಿನಂತೆ ಬಾಗುತ್ತದೆ.

ಈ ಪಾಠ ಕಾಫಿ ಬೆಳೆಗಾರರಿಗೆ ಬೇರೆಯವರು ಹೇಳಬೇಕಾಗಿಲ್ಲ. ಕಣದಲ್ಲಿ ಬೀಜವನ್ನು ಶೇ 10–11ರ ತೇವಕ್ಕೆ ಇಳಿಯುವವರೆಗೆ ಒಣಗಿಸಿ, ಗೋದಾಮಿನಲ್ಲಿ ಮೂಟೆ ಪೇರಿಸುವಾಗ ಕೆಳಗೆ ಮರದ ಅಡ್ಡೆ ಹಾಕುತ್ತಾರೆ, ಗೋಡೆಯಿಂದ ಸ್ವಲ್ಪ ಜಾಗ ಬಿಡುತ್ತಾರೆ. ಬಿಡದಿದ್ದರೆ ಏನಾಗುತ್ತದೆಂದು ಘಟ್ಟದ ಕೆಳಗೆ ಬೇಕೆಂದೇ ಮಾಡಿ ತೋರಿಸುತ್ತಾರೆ: ಮಂಗಳೂರಿನ ಕಡೆ ಕಾಫಿಬೀಜವನ್ನು ಮುಂಗಾರಿನ ಗಾಳಿಗೆ ಒಡ್ಡಿ, ತೇವ ಕುಡಿಸಿ, ಉಬ್ಬಿಸಿ, ಬಿಳಿಚಿಸಿ ‘ಮಾನ್ಸೂನ್ಡ್ ಮಲಬಾರ್’ ಎಂದು ಹೊರದೇಶಕ್ಕೆ ಮಾರುತ್ತಾರೆ. ಕಾಫಿಗೆ ಅದು ಬೆಲೆ ತರುತ್ತದೆ, ತೊಗರಿಬೇಳೆಗೆ ತರುವುದಿಲ್ಲ. ಮೂಟೆಯನ್ನು ಇಷ್ಟು ಜೋಪಾನವಾಗಿ ಗೋಡೆಯಿಂದ ದೂರವಿಡುವ ಅದೇ ಮನೆಯವರು ಅಡುಗೆಮನೆಯ ಕಪಾಟನ್ನು ಮಾತ್ರ ಗೋಡೆಗೆ ಕಚ್ಚಿಸಿ, ನೆಲಕ್ಕೆ ಕೂರಿಸಿ, ಹಿಂದೆ ತೆಳು ಹಲಗೆ ಬಡಿಸುತ್ತಾರೆ.

ಗೋದಾಮಿನ ನಿಯಮವನ್ನು ಅಡುಗೆಮನೆಗೆ ತಂದರೆ ಅರ್ಧ ಕೆಲಸ ಮುಗಿಯಿತು. ಕೆಳಗಿನ ಕಪಾಟಿಗೆ ನಾಲ್ಕಂಗುಲದ ಕಾಲು. ಪೇಟೆಯಲ್ಲಿ ಆ ಕಾಲುಗಳನ್ನು ಮುಚ್ಚಲು ಮುಂದೊಂದು ಪಟ್ಟಿ ಹೊಡೆಯುತ್ತಾರೆ. ಇಲ್ಲಿ ಅದು ಬೇಡ, ಪೊರಕೆ ಒಳಹೋಗಲಿ, ಗಾಳಿಯೂ ಹೋಗಲಿ, ಜಿರಲೆ ಸಂಸಾರ ಹೂಡಿದ್ದು ಕಣ್ಣಿಗೆ ಬೀಳಲಿ. ಹಿಂದೆ ಗೋಡೆಯಿಂದ ಒಂದಂಗುಲ ಬಿಡುವು. ಹಿಂಬದಿ ಹಲಗೆಯ ಮೇಲೆ–ಕೆಳಗೆ ನಾಲ್ಕಾರು ತೂತು. ಮುಂದಿನ ಬಾಗಿಲಿಗೆ ಗಾಜು, ಲ್ಯಾಮಿನೇಟಿನ ಬದಲು ಅಡ್ಡಪಟ್ಟಿಯ ಜಾಲರಿ ಅಥವಾ ಸೊಳ್ಳೆಪರದೆಯ ಸ್ಟೀಲ್ ಬಲೆ. ಹಾಲು–ಮೊಸರಿಡುತ್ತಿದ್ದ ಹಳೆಯ ಜಾಲರಿ ಕಪಾಟು ಅನೇಕರಿಗೆ ನೆನಪಿರಬಹುದು. ಇರುವೆ ಹತ್ತದಂತೆ ಅದರ ನಾಲ್ಕು ಕಾಲನ್ನೂ ನೀರು ತುಂಬಿದ ಬಟ್ಟಲಲ್ಲಿ ನಿಲ್ಲಿಸುತ್ತಿದ್ದರು.

ಇನ್ನು ಒಂಬತ್ತಕ್ಕೆ ಆರರ ಜಾಗದ ಲೆಕ್ಕ. ಉದ್ದಗೋಡೆಗೆ ಎರಡಡಿ ಅಗಲದ ಅಡುಗೆಕಟ್ಟೆ ಹಾಕಿದರೆ ಎದುರಿಗೆ ನಾಲ್ಕಡಿ ಉಳಿಯುತ್ತದೆ. ಎದುರುಗೋಡೆಗೂ ಎರಡಡಿಯ ಕಪಾಟು ನಿಲ್ಲಿಸಿದರೆ ಓಡಾಡಲು ಎರಡೇ ಅಡಿ. ಕೂತು ಕಾಯಿ ತುರಿಯುವುದಂತೂ ಸಾಧ್ಯವಿಲ್ಲ. ಬದಲಿಗೆ ಅಲ್ಲಿ ಒಂಬತ್ತಂಗುಲದ, ನೆಲದಿಂದ ಕೈಗೆಟಕುವ ಎತ್ತರದವರೆಗಿನ ತೆರೆದ ಹಲಗೆ ಸಾಲು ಹಾಕಿದರೆ ಮೂರಡಿಗೂ ಹೆಚ್ಚು ದಾರಿ ಉಳಿಯುತ್ತದೆ. ಒಂಬತ್ತಂಗುಲ ಎಂದರೆ ಒಂದು ಡಬ್ಬಿಯ ಆಳ. ಒಂದರ ಹಿಂದೆ ಒಂದು ಅಡಗುವುದಿಲ್ಲ, ಇರುವುದೆಲ್ಲ ಕಣ್ಣೆದುರೇ. ಎರಡಡಿ ಆಳದ ಕಪಾಟಿನ ಹಿಂಭಾಗದಲ್ಲಿ ಕಳೆದ ವರ್ಷದ ಉದ್ದಿನಬೇಳೆ ಹುಳ ಹಿಡಿದು ಸಿಗುವುದು ಯಾವ ಮನೆಗೂ ಹೊಸತಲ್ಲ. ಆಳ ಬೇಕೇ ಬೇಕೆಂದರೆ ಕಟ್ಟೆಯ ಕೆಳಗೆ ಪೂರ್ತಿ ಹೊರಬರುವ ಸೆಳೆಖಾನೆ ಒಳ್ಳೆಯದು, ಅದೂ ತಂತಿಬುಟ್ಟಿಯದು. ತಂತಿ 304 ದರ್ಜೆಯ ಸ್ಟೀಲೇ ಎಂದು ಕೇಳಬೇಕು. ನಿಕ್ಕಲ್ ಕಡಿಮೆಯಿರುವ 202 ಇಲ್ಲಿಯ ತೇವಕ್ಕೆ ಬೇಗ ತುಕ್ಕು ತೋರಿಸುತ್ತದೆ. ಅಯಸ್ಕಾಂತ ಹಿಡಿದು ನೋಡಿದರೆ ಈ ವ್ಯತ್ಯಾಸ ತಿಳಿಯದು, ಎರಡಕ್ಕೂ ಅದು ಸಾಮಾನ್ಯವಾಗಿ ಗಟ್ಟಿಯಾಗಿ ಅಂಟುವುದಿಲ್ಲ. ಬಿಲ್ಲಿನಲ್ಲಿ ಬರೆಸಿಕೊಳ್ಳುವುದೊಂದೇ ದಾರಿ.

ಹಲಗೆ ಸಾಲಿಗೆ ಮರವೇ ಬೇಕೆಂದಿಲ್ಲ. ಗೋಡೆ ಕಟ್ಟುವಾಗಲೇ ಕಡಪ ಕಲ್ಲನ್ನು ಅಡ್ಡಲಾಗಿ ಸೇರಿಸುವ ಪದ್ಧತಿ ಕರ್ನಾಟಕದ ಸಾಮಾನ್ಯ ಮನೆಗಳಲ್ಲೆಲ್ಲ ಇದೆ. ಉಬ್ಬುವುದಿಲ್ಲ, ಕೊಳೆಯುವುದಿಲ್ಲ, ಒರಲೆಗೆ ಬೇಡ, ಒದ್ದೆಬಟ್ಟೆಯಲ್ಲಿ ಒರೆಸಿದರಾಯಿತು. ಫೋಟೋದಲ್ಲಿ ಚೆಂದ ಬರುವುದಿಲ್ಲ ಎಂಬುದೊಂದೇ ಅದರ ದೋಷ. ಮರವೇ ಬೇಕೆನ್ನುವವರಿಗೆ ಹಲಸು ಇದೆ, ಒರಲೆ ಅಷ್ಟಾಗಿ ಮುಟ್ಟದ ಮರ. ತೋಟದ ತುಂಬ ನೆರಳಿಗೂ ಮೆಣಸಿನ ಬಳ್ಳಿಗೂ ನಿಂತಿರುವ ಸಿಲ್ವರ್ ಓಕ್ ಸುಲಭಕ್ಕೆ ಸಿಗುತ್ತದೆ. ಹೆಸರಲ್ಲಿ ಓಕ್ ಇದ್ದರೂ ಇದು ಆಸ್ಟ್ರೇಲಿಯಾ ಮೂಲದ ಬೇರೆಯೇ ಮರ, ಫ್ರಾಂಕ್‌ಫರ್ಟಿನ ಹಿಟ್ಟಿನ ಪೆಟ್ಟಿಗೆಯ ಗುಣ ಇದಕ್ಕಿಲ್ಲ. ಬೋರಿಕ್ ಆಮ್ಲ–ಬೊರಾಕ್ಸ್ ದ್ರಾವಣ ಕುಡಿಸದೆ ಬಳಸಿದರೆ ಕುಟ್ಟೆಹುಳ ಪುಡಿ ಉದುರಿಸಲು ಶುರುಮಾಡುತ್ತದೆ.

ಲೈನ್ ಮನೆಯ ಅಡುಗೆಮನೆಯಲ್ಲಿ ಈ ಎಲ್ಲ ಚರ್ಚೆಗೆ ಮೊದಲೇ ಒಂದು ಉತ್ತರ ಗೋಡೆಗೆ ತೂಗಿದೆ: ಸಂತೆಯಲ್ಲಿ ಸಿಗುವ ಸ್ಟೀಲಿನ ಪಾತ್ರೆ ಸ್ಟ್ಯಾಂಡು. ತಟ್ಟೆ ನಿಲ್ಲಿಸಲು ಸಂದು, ಲೋಟ ಬೋರಲು ಹಾಕಲು ಕಡ್ಡಿ, ಸೌಟಿಗೆ ಕೊಕ್ಕೆ. ಬಾಗಿಲಿಲ್ಲ, ಆಳವಿಲ್ಲ, ತೊಳೆದ ಪಾತ್ರೆ ಅಲ್ಲೇ ಇಳಿದು ಅಲ್ಲೇ ಒಣಗುತ್ತದೆ. ಮಲೆನಾಡಿನ ಸಣ್ಣ ಅಡುಗೆಮನೆಗೆ ಇದಕ್ಕಿಂತ ಒಳ್ಳೆಯ ಕಪಾಟನ್ನು ಈವರೆಗೆ ಯಾವ ಕಂಪನಿಯೂ ಮಾಡಿಲ್ಲ. ಮನೆ ಹೊಸದಾಗುತ್ತಿದ್ದಂತೆ ಮೊದಲು ಗುಜರಿಗೆ ಹೋಗುವುದೂ ಇದೇ. ಕೊಟ್ಟಿಗೆಹಾರದ ರಸ್ತೆಬದಿ ಹೋಟೆಲಿನವರು ಮಾತ್ರ ಪಾತ್ರೆ ತೆರೆದಿಡುವ ಸಂಕೋಚ ಇಟ್ಟುಕೊಂಡಿಲ್ಲ. ಧರ್ಮಸ್ಥಳ, ಹೊರನಾಡಿಗೆ ಹೋಗುವ ಬಸ್ಸು ಬಂದು ನಿಂತಾಗ ಬಾಗಿಲು ತೆರೆದು ಮುಚ್ಚುತ್ತ ಕೂರಲು ಅವರಿಗೆ ಪುರುಸೊತ್ತಿಲ್ಲ. ಎಲ್ಲವೂ ಕೈಗೆ ಸಿಗುವಂತೆ ತೆರೆದ ರ್‍ಯಾಕಿನ ಮೇಲಿರಬೇಕು.

ಬಾಗಿಲು ಹಾಕಲೇಬಾರದ ಇನ್ನೊಂದು ಖಾನೆ ಗ್ಯಾಸ್ ಸಿಲಿಂಡರಿನದು. 14.2 ಕೆಜಿ ಅನಿಲದ ಸಿಲಿಂಡರು ಕಟ್ಟೆಯ ಕೆಳಗೆ ಸರಿಯಾಗಿ ಕೂರುತ್ತದೆ. ಆದರೆ ಈ ಅನಿಲ ಗಾಳಿಗಿಂತ ಭಾರ. ಸೋರಿದರೆ ಮೇಲೇಳದೆ ನೀರಿನಂತೆ ಕೆಳಗೆ ಹರಡುತ್ತದೆ. ಆ ಖಾನೆಯ ತಳಮಟ್ಟದಲ್ಲೇ ಹೊರಗೋಡೆಗೆ ಕಿಂಡಿ ಬೇಕು. ಮೇಲಿನ ಚಿಮಣಿ ಇಲ್ಲಿ ಉಪಯೋಗಕ್ಕೆ ಬಾರದು. ಘಟ್ಟದ ಒಳಗಿನ ಮನೆಗಳಿಗೆ ಗ್ಯಾಸಿನ ಗಾಡಿ ನೆನೆದಾಗ ಬರುವುದಿಲ್ಲವಾದ್ದರಿಂದ ಎರಡನೆಯ ಸಿಲಿಂಡರು ಇರುತ್ತದೆ. ಅದಕ್ಕೆ ಅಡುಗೆಮನೆಯ ಹೊರಗೆ, ಜಗಲಿಯ ನೆರಳಿನಲ್ಲಿ ಜಾಲರಿ ಗೂಡು ಮಾಡುವುದು ವಾಸಿ.

ಹಪ್ಪಳ, ಉಪ್ಪು, ಬೆಂಕಿಪೊಟ್ಟಣದ ಪ್ರಶ್ನೆ ಇನ್ನೂ ಉಳಿದಿದೆ. ಇವಕ್ಕೆ ಗಾಳಿ ಸಾಲದು, ಬಿಸಿ ಬೇಕು. ಜನ ಫ್ರಿಜ್ಜಿನ ತಲೆಗೆ ಮೊರೆಹೋಗಿದ್ದು ಅದಕ್ಕೇ, ಒಳಗಿನ ಶಾಖವನ್ನು ಅದು ಹಿಂದಕ್ಕೆ ಬಿಡುತ್ತಿರುತ್ತದೆ. ಗಾಳಿಮಳೆಗೆ ಕರೆಂಟು ಹೋಗಿ ಮೂರು ದಿನ ಬಾರದಿದ್ದರೆ ಆ ಕಾವಲೂ ಇಲ್ಲ. ಆದರೆ ಮಲೆನಾಡಿನ ಮನೆಯಲ್ಲಿ ಗ್ಯಾಸ್ ಬಂದ ಮೇಲೂ ಆರದ ಒಂದು ಬೆಂಕಿಯಿದೆ, ಬಚ್ಚಲ ಹಂಡೆಯದು. ಮಳೆಗಾಲದಲ್ಲಿ ಸ್ನಾನಕ್ಕೆ ಬಿಸಿನೀರು ಬೇಕೇ ಬೇಕು, ಸೌದೆಗೆ ತೋಟವೇ ಇದೆ. ಹಂಡೆಯೊಲೆಯ ಗೋಡೆಯ ಆಚೆಬದಿ ಅಡುಗೆಮನೆ ಬರುವಂತೆ ಮನೆ ಕಟ್ಟಿಸಿ, ಆ ಗೋಡೆಯಲ್ಲಿ ಒಂದು ಸಣ್ಣ ಗೂಡು ಬಿಟ್ಟರೆ ದಿನಕ್ಕೆರಡು ಹೊತ್ತು ತಾನಾಗಿ ಬಿಸಿಯಾಗುವ ಒಣಕಪಾಟು ಸಿಗುತ್ತದೆ. ಇಂಗ್ಲೆಂಡಿನ ಹಳೆಯ ಮನೆಗಳಲ್ಲಿ ಬಿಸಿನೀರಿನ ತೊಟ್ಟಿಯ ಸುತ್ತ ಕಪಾಟು ಕಟ್ಟಿ ಬಟ್ಟೆ ಬೆಚ್ಚಗಿಡುತ್ತಿದ್ದುದೂ ಇದೇ ಉಪಾಯದಿಂದ. ಬೀಸುಗಲ್ಲಿನಷ್ಟೇ ಹಳೆಯ ಈ ಬುದ್ಧಿಗೆ ಹೊಸದಾಗಿ ತಗಲುವ ಖರ್ಚು ನಾಲ್ಕು ಇಟ್ಟಿಗೆ ಕಡಿಮೆ ಮಾಡಿದಷ್ಟೇ.

ಕಟ್ಟೆಯ ಎತ್ತರದ ಬಗ್ಗೆ ಒಂದು ಮಾತು. ಕಂಪನಿಯ ಪಟ್ಟಿಯಲ್ಲಿ 34 ಅಂಗುಲ ಎಂದಿದ್ದರೂ ಅಡುಗೆ ಮಾಡುವವರನ್ನೇ ನಿಲ್ಲಿಸಿ, ಮೊಣಕೈಯಿಂದ ನಾಲ್ಕಂಗುಲ ಕೆಳಗೆ ಗೆರೆ ಎಳೆಯುವುದು ಸರಿ. ಐದಡಿಯ ಹೆಂಗಸಿಗೆ ಅದು ಪಟ್ಟಿಯ ಅಳತೆಗಿಂತ ಕೆಳಗಿಳಿಯಬಹುದು. ಒತ್ತುಶ್ಯಾವಿಗೆ ಒತ್ತುವ ಮನೆಯಾದರೆ ಆ ಕೆಲಸಕ್ಕೆ ಇನ್ನೂ ತಗ್ಗಿನ ಜಾಗ ಬೇರೆ ಬೇಕು.

ಬಡಗಿ ಸಿಗುವ ಕಾಲವನ್ನೂ ಕಾಫಿಯೇ ನಿಶ್ಚಯಿಸುತ್ತದೆ. ಡಿಸೆಂಬರಿನಿಂದ ಫೆಬ್ರುವರಿವರೆಗೆ ಹಣ್ಣು ಕೊಯ್ಲು, ಯಾರ ಕೈಯೂ ಖಾಲಿಯಿಲ್ಲ. ಕಪಾಟಿನ ಕೆಲಸ ಶುರುವಾಗುವುದು ಮಾರ್ಚ್–ಏಪ್ರಿಲಿನಲ್ಲಿ, ಮರ ವರ್ಷದಲ್ಲೇ ಹೆಚ್ಚು ಒಣಗಿ ಕುಗ್ಗಿರುವ ಹೊತ್ತಿನಲ್ಲಿ. ಆಗ ಬಾಗಿಲನ್ನು ಚೌಕಟ್ಟಿಗೆ ಬಿಗಿಯಾಗಿ ಕೂರಿಸಿದರೆ ಜುಲೈನಲ್ಲಿ ಅದನ್ನು ತೆಗೆಯಲು ಇಬ್ಬರು ಬೇಕು. ತಿಳಿದ ಬಡಗಿ ಸುತ್ತ ಒಂದು ನಾಣ್ಯ ತೂರುವಷ್ಟು ಸಂದು ಬಿಡುತ್ತಾನೆ. ಏಪ್ರಿಲಿನಲ್ಲಿ ಆ ಸಂದು ಕಂಡ ಮನೆಯವರು ಕೆಲಸ ಸಡಿಲವೆಂದು ಗೊಣಗುತ್ತಾರೆ, ದುಡ್ಡಿನಲ್ಲಿ ಸ್ವಲ್ಪ ಹಿಡಿದುಕೊಳ್ಳುವುದೂ ಉಂಟು. ಮೃಗಶಿರ ಮಳೆ ಹಿಡಿದು ಮೂರು ವಾರಕ್ಕೆ ಬಾಗಿಲು ಚೌಕಟ್ಟಿನಲ್ಲಿ ಸರಿಯಾಗಿ ಕೂತಿರುತ್ತದೆ.